ಶೆಲ್ಟರ್‌ನಲ್ಲಿರುವ ಸೈಟ್‌ಹೌಂಡ್ ಮೇಲೆ ಮನಸ್ಸಾಗಿದೆ, ಮನೆಯಲ್ಲಿ ವಯಸ್ಸಾದ ಬೆಕ್ಕಿದೆ. ದತ್ತು ತಗೊಳ್ಳಬಹುದಾ?

ಹೊಸಿಲು:
ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಹೆಂಡತಿಯೂ ಒಂದು ಶೆಲ್ಟರ್‌ಗೆ ಬೇರೆ ಮರಿ ನೋಡಲು ಹೋಗಿದ್ದೆವು, ಆದರೆ ಮನಸ್ಸು ಹೋಗಿದ್ದು ಅಲ್ಲಿದ್ದ ಒಂದು ಸೈಟ್‌ಹೌಂಡ್ (ಕಣ್ಣಿನಿಂದ ಬೇಟೆ ಹಿಡಿಯುವ ಜಾತಿಯ ನಾಯಿ) ಮೇಲೆ. ಹೆಣ್ಣು, ಗ್ರೇಹೌಂಡ್ ಮಿಶ್ರತಳಿ ಇರಬೇಕು, ನಾಲ್ಕು ವರ್ಷದ ಆಸುಪಾಸು ಅಂತಾರೆ. ಹಿಂದೆ ಎಲ್ಲಿತ್ತು, ಹೇಗಿತ್ತು ಅನ್ನುವುದು ಯಾರಿಗೂ ಗೊತ್ತಿಲ್ಲ. ಉಳಿದ ನಾಯಿಗಳೆಲ್ಲ ಬೊಗಳುತ್ತಾ ಬಾಗಿಲಿಗೆ ಎಗರುತ್ತಿದ್ದರೆ ಇವಳು ಮೂಲೆಯಲ್ಲಿ ಸುಮ್ನೆ ನಿಂತಿದ್ದಳು. ಹೊರಗೆ ಬಿಟ್ಟಾಗ ಬಂದು ನನ್ನ ಹೆಂಡತಿಯ ತೊಡೆಗೆ ಮೈ ಒರಗಿಸಿ, ಪೂರ್ತಿ ಭಾರ ಬಿಟ್ಟು ನಿಂತುಬಿಟ್ಟಳು. ಅಲ್ಲಿಗೆ ನಮ್ಮಿಬ್ಬರ ಕಥೆ ಮುಗಿಯಿತು.

ಆದರೆ ಬರೀ ಮುದ್ದಿಗೆ ಮನೆಗೆ ತಂದು ಆಮೇಲೆ ಅವಳಿಗೂ ಕಷ್ಟ, ನಮಗೂ ಕಷ್ಟ ಆಗಬಾರದು. ಮನೆಯಲ್ಲಿ ವಯಸ್ಸಾದ ಬೆಕ್ಕಿದೆ. ನಾವಿರುವುದು ಎರಡನೇ ಮಹಡಿ, ಅಂಗಳ ಇಲ್ಲ. ದಿನದಲ್ಲಿ ಅರ್ಧ ಹೊತ್ತು ಯಾರಾದರೂ ಒಬ್ಬರು ಮನೆಯಲ್ಲಿರುತ್ತೇವೆ. ಇಂಥ ನಾಯಿಯನ್ನು ಲೀಶ್ ಇಲ್ಲದೆ ಬಿಡಲೇಬಾರದು ಅಂತಾರಲ್ಲ, ಅದು ನಿಜವಾ? ಸಾಕಿದವರು ದಯವಿಟ್ಟು ಹೇಳಿ.

ಬೆಕ್ಕಿನಮನೆ:
ಮೊದಲು ಬೆಕ್ಕಿನ ವಿಷಯ. ಉಳಿದದ್ದನ್ನು ಆಮೇಲೆ ಸರಿ ಮಾಡಿಕೊಳ್ಳಬಹುದು, ಇದೊಂದು ಮಾತ್ರ ತಂದಮೇಲೆ ನೋಡೋಣ ಅನ್ನುವಂಥದ್ದಲ್ಲ. ಗ್ರೇಹೌಂಡ್, ವಿಪೆಟ್, ಸಲೂಕಿ, ಬೋರ್ಜಾಯ್, ಮುಧೋಳ, ಇವೆಲ್ಲ ಕಣ್ಣಿನಿಂದ ಬೇಟೆ ಹಿಡಿಯುವುದಕ್ಕೆ ಅಂತಲೇ ತಲೆಮಾರುಗಳಿಂದ ಬೆಳೆಸಿಕೊಂಡು ಬಂದ ನಾಯಿಗಳು. ವಾಸನೆ ಹಿಡಿಯುವ ನಾಯಿ ನೆಲ ಮೂಸಿಕೊಂಡು ಹೋಗುತ್ತದೆ, ನಿಮಗೆ ಕರೆಯಲು ಸಮಯ ಸಿಗುತ್ತದೆ. ಇವಕ್ಕೆ ಓಡುವುದೊಂದು ಕಣ್ಣಿಗೆ ಬಿದ್ದರೆ ಸಾಕು.

ಹಾಗಂತ ಬೆಕ್ಕಿರುವ ಮನೆಗೆ ಆಗುವುದೇ ಇಲ್ಲ ಅಂತಲ್ಲ. ನಮ್ಮನೆಯಲ್ಲಿ ಎರಡೂ ಇವೆ. ಒಂದೊಂದು ನಾಯಿ ಒಂದೊಂದು ಥರ. ಶೆಲ್ಟರ್‌ನವರನ್ನು ಕೇಳಿ ಬೆಕ್ಕಿನ ಪರೀಕ್ಷೆ ಮಾಡಿಸಿ. ಲೀಶ್, ಮಜಲ್ (ಕಚ್ಚದಂತೆ ಬಾಯಿಗೆ ಹಾಕುವ ಕುಕ್ಕೆ) ಎರಡೂ ಹಾಕಿ, ನಾಯಿಗೆ ಬೆದರದ ಬೆಕ್ಕೊಂದನ್ನು ದೂರದಿಂದ ತೋರಿಸುತ್ತಾರೆ. ನೀವೂ ಜೊತೆಯಲ್ಲಿ ನಿಂತು ನೋಡಿ. ಬೆಕ್ಕನ್ನು ನೋಡಿ, ಮೂಗು ಅರಳಿಸಿ, ಆಮೇಲೆ ನಿಮ್ಮ ಕಡೆ ತಿರುಗಿದರೆ ಒಳ್ಳೆಯ ಲಕ್ಷಣ. ಕಿವಿ ನಿಮಿರಿಸಿ, ಬಾಯಿ ಬಿಗಿದು, ರೆಪ್ಪೆ ಮಿಟುಕಿಸದೆ ನಿಂತುಬಿಟ್ಟರೆ, ಮೂಗಿನ ಹತ್ತಿರ ತಿಂಡಿ ಹಿಡಿದರೂ ಕದಲದಿದ್ದರೆ, ಎಷ್ಟೇ ಮುದ್ದು ಬಂದಿದ್ದರೂ ಆ ನಾಯಿ ನಿಮ್ಮ ಮನೆಗೆ ಬೇಡ. ಎಗರಾಡುವ ನಾಯಿಗಿಂತ ಹೀಗೆ ಸದ್ದಿಲ್ಲದೆ ದಿಟ್ಟಿಸುವ ನಾಯಿಯ ಬಗ್ಗೆ ನನಗೆ ಜಾಸ್ತಿ ಭಯ.

ಪರೀಕ್ಷೆಯಲ್ಲಿ ಪಾಸಾದರೂ ಅವಸರ ಬೇಡ. ಕೂತ ಬೆಕ್ಕನ್ನು ಸಹಿಸಿಕೊಳ್ಳುವ ನಾಯಿ ಓಡುವ ಬೆಕ್ಕನ್ನು ಸಹಿಸಿಕೊಳ್ಳದೇ ಇರಬಹುದು. ಮೊದಮೊದಲು ಬೇರೆ ಬೇರೆ ಕೋಣೆಯಲ್ಲಿಡಿ, ಇವಳ ಹಾಸಿಗೆ ಬಟ್ಟೆ ಬೆಕ್ಕಿನ ಹತ್ತಿರ, ಬೆಕ್ಕಿನದು ಇವಳ ಹತ್ತಿರ ಇಟ್ಟು ವಾಸನೆ ಪರಿಚಯ ಮಾಡಿಸಿ. ಆಮೇಲೆ ನಡುವೆ ಜಾಲರಿ ಗೇಟ್ ಹಾಕಿ ಒಂದನ್ನೊಂದು ನೋಡಲು ಬಿಡಿ. ಬೆಕ್ಕು ಹತ್ತಿ ಕೂರಲು ಎತ್ತರದ ಜಾಗ ಇರಲೇಬೇಕು. ನಿಮ್ಮ ಬೆಕ್ಕಿಗೆ ವಯಸ್ಸಾಗಿದೆ ಅಂತೀರಿ, ಹಾರಲು ಆಗುತ್ತದಾ ನೋಡಿಕೊಳ್ಳಿ, ಆಗದಿದ್ದರೆ ನಾಯಿ ನುಗ್ಗಲಾಗದ ಒಂದು ಕೋಣೆಯನ್ನೇ ಅದಕ್ಕೆ ಬಿಟ್ಟುಕೊಡಿ. ಎರಡನ್ನೇ ಮನೆಯಲ್ಲಿ ಬಿಟ್ಟು ಹೋಗಬೇಡಿ. ನಮ್ಮವು ಈಗ ಒಂದೇ ಕಂಬಳಿ ಮೇಲೆ ಮಲಗುತ್ತವೆ, ಆದರೂ ನಾವು ಹೊರಗೆ ಹೋಗುವಾಗ ನಡುವಿನ ಬಾಗಿಲು ಹಾಕಿಯೇ ಹೋಗುತ್ತೇವೆ.

ಉದ್ದಮೂತಿ:
ಲೀಶ್ ಪ್ರಶ್ನೆಗೆ ಉತ್ತರ: ನಿಜ. ಬೇಲಿ ಇರುವ ಜಾಗ ಬಿಟ್ಟು ಬೇರೆಲ್ಲೂ ಬಿಚ್ಚಬಾರದು. ಗ್ರೇಹೌಂಡ್ ಪೂರ್ತಿ ವೇಗಕ್ಕೆ ಬಂದರೆ ಗಂಟೆಗೆ ಸುಮಾರು 70 ಕಿ.ಮೀ., ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 20 ಮೀಟರ್. ಆ ವೇಗ ಹಿಡಿಯಲು ಕೆಲವೇ ನೆಗೆತ ಸಾಕು. ನೀವು ಹೆಸರು ಕರೆದು ಮುಗಿಸುವಷ್ಟರಲ್ಲಿ ಅದು ರಸ್ತೆಯ ಆ ಕಡೆ ಇರುತ್ತದೆ. ತರಬೇತಿ ಸಾಲದು ಅಂತಲ್ಲ. ಮನೆಯಲ್ಲಿ ಕರೆದ ತಕ್ಷಣ ಬರುವ ನಾಯಿಗೂ ಓಟ ಶುರುವಾದಮೇಲೆ ನಿಮ್ಮ ದನಿ ತಲೆಗೆ ಹೋಗುವುದಿಲ್ಲ, ಎದುರಿಗೆ ಬರುವ ಗಾಡಿಯೂ ಕಾಣುವುದಿಲ್ಲ.

ಕೊರಳಪಟ್ಟಿ ವಿಷಯ ಯಾರೂ ಮೊದಲೇ ಹೇಳುವುದಿಲ್ಲ, ನಾನು ಹೇಳುತ್ತೇನೆ. ಇವುಗಳ ತಲೆ ಸಣ್ಣ, ಕತ್ತು ದಪ್ಪ. ಹೆದರಿದಾಗ ಮುಂದಕ್ಕೆ ಎಳೆಯುವುದಿಲ್ಲ, ಹಿಂದಕ್ಕೆ ಹೆಜ್ಜೆ ಇಡುತ್ತವೆ. ಕಿವಿ ಹಿಂದಕ್ಕೆ ಮಡಚಿ, ತಲೆ ತಗ್ಗಿಸಿ ಒಂದು ಸಲ ಜಗ್ಗಿದರೆ ಮಾಮೂಲಿ ಪಟ್ಟಿ ಮೂತಿಯ ಮೇಲಿಂದ ಜಾರಿ ನಿಮ್ಮ ಕೈಯಲ್ಲಿರುತ್ತದೆ, ನಾಯಿ ಇರುವುದಿಲ್ಲ. ಅದಕ್ಕೇ ಅಗಲವಾದ ಮಾರ್ಟಿಂಗೇಲ್ ಪಟ್ಟಿ ತಗೊಳ್ಳಿ, ಎಳೆದಾಗ ಸ್ವಲ್ಪ ಬಿಗಿಯಾಗುತ್ತದೆ, ಉಸಿರು ಕಟ್ಟುವುದಿಲ್ಲ. ಹೊಸದರಲ್ಲಿ ಅದರ ಜೊತೆ ಪಕ್ಕೆಲುಬಿನ ಹಿಂದೆ, ಸೊಂಟದ ಸುತ್ತಲೂ ಒಂದು ಪಟ್ಟಿ ಇರುವ ಹಾರ್ನೆಸ್ (ಮೈಗೆ ತೊಡಿಸುವ ಪಟ್ಟಿ) ಕೂಡ ಹಾಕಿ, ಎರಡಕ್ಕೂ ಲೀಶ್ ಸಿಕ್ಕಿಸಿ. ಉದ್ದ ಬಿಟ್ಟು ಸುತ್ತಿಕೊಳ್ಳುವ ಲೀಶ್ ಬೇಡವೇ ಬೇಡ. ಅಷ್ಟುದ್ದ ಓಡಿ ವೇಗ ಹಿಡಿದಮೇಲೆ ಜಗ್ಗಿದರೆ ಕತ್ತಿಗೇ ಏಟು.

ಅಂಗಳ ಇಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಇವು ಓಡುವುದು ಸ್ವಲ್ಪ ಹೊತ್ತು, ಮಲಗುವುದು ದಿನವೆಲ್ಲ. ದಿನಕ್ಕೆ ಎರಡು ಸಲ ಒಳ್ಳೆಯ ನಡಿಗೆ ಸಾಕು. ಆದರೆ ಆಗಾಗ ಎತ್ತರದ ಬೇಲಿ ಇರುವ ಜಾಗಕ್ಕೆ ಕರೆದುಕೊಂಡು ಹೋಗಿ ಬಿಡಿ. ಒಂದೊಂದು ನೆಗೆತದಲ್ಲೂ ಎರಡೆರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ, ಒಮ್ಮೆ ಮೈ ಚಾಚಿದಾಗ, ಒಮ್ಮೆ ಬಿಲ್ಲಿನಂತೆ ಬಾಗಿದಾಗ. ಅದನ್ನು ಹತ್ತಿರದಿಂದ ನೋಡಿದಮೇಲೆ ಈ ನಾಯಿಗೆ ಅದು ಯಾಕೆ ಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ತೆಳುಚರ್ಮ:
ನಾನು ಪ್ರಾಣಿಗಳ ಕ್ಲಿನಿಕ್ ಒಂದರಲ್ಲಿ ಸಹಾಯಕಿ. ಮನೆಗೆ ತಂದ ವಾರದಲ್ಲೇ ಡಾಕ್ಟರ್ ಹತ್ತಿರ ತೋರಿಸಿ. ಉಣ್ಣಿಯಿಂದ ಬರುವ ಕಾಯಿಲೆ, ಕೊಕ್ಕೆಹುಳು, ಹಲ್ಲು, ಈ ಮೂರನ್ನು ಮರೆಯದೆ ನೋಡಿಸಿ. ಹಲ್ಲು ಮತ್ತು ವಸಡು ಗ್ರೇಹೌಂಡ್‌ಗಳಲ್ಲಿ ಬೇಗ ಕೆಡುತ್ತವೆ.

ನಿಮ್ಮ ಡಾಕ್ಟರ್ ಸೈಟ್‌ಹೌಂಡ್ ಜಾಸ್ತಿ ನೋಡಿರದಿದ್ದರೆ ಎರಡು ವಿಷಯ ನೀವೇ ನೆನಪಿಸಿ, ಸಂಕೋಚ ಬೇಡ. ಒಂದು, ಅರಿವಳಿಕೆ. ಥಯೋಪೆಂಟಾಲ್ ಥರದ ಔಷಧ ಕೊಟ್ಟರೆ ಇವು ಎಚ್ಚರವಾಗಲು ಬೇರೆ ನಾಯಿಗಳಿಗಿಂತ ಬಹಳ ಹೊತ್ತು ಹಿಡಿಯುತ್ತದೆ. ಮೈಯಲ್ಲಿ ಕೊಬ್ಬು ಕಡಿಮೆ, ಲಿವರ್ ಕೂಡ ಆ ಔಷಧವನ್ನು ನಿಧಾನವಾಗಿ ಕರಗಿಸುತ್ತದೆ. ಬೇರೆ ಸುರಕ್ಷಿತ ಔಷಧಗಳಿವೆ, ಮೊದಲೇ ಮಾತಾಡಿಕೊಂಡರೆ ಆಯಿತು. ಎರಡು, ರಕ್ತಪರೀಕ್ಷೆ. ಗ್ರೇಹೌಂಡ್‌ಗಳಲ್ಲಿ ಕೆಂಪು ರಕ್ತಕಣ ಜಾಸ್ತಿ, ಪ್ಲೇಟ್‌ಲೆಟ್ ಕಡಿಮೆ, ಥೈರಾಯ್ಡ್‌ನ ಟಿ4 ಹಾರ್ಮೋನ್ ಕೂಡ ಕಡಿಮೆ ಇರುವುದು ಸಹಜ. ಬೇರೆ ನಾಯಿಗಳ ಅಳತೆ ಇಟ್ಟು ನೋಡಿದರೆ ಇಲ್ಲದ ಥೈರಾಯ್ಡ್ ಕಾಯಿಲೆಗೆ ಮಾತ್ರೆ ಶುರುವಾಗಿಬಿಡುತ್ತದೆ. ಹಾಗೆಯೇ ಪ್ಲೇಟ್‌ಲೆಟ್ ಕಡಿಮೆ ಇರುವುದು ಉಣ್ಣಿ ಜ್ವರದ ಲಕ್ಷಣವೂ ಹೌದು, ಆದ್ದರಿಂದ ತಳಿಯೇ ಹಾಗೆ ಅಂತ ಬಿಡುವುದೂ ಬೇಡ, ಅದಕ್ಕೆ ಬೇರೆ ಪರೀಕ್ಷೆ ಇದೆ, ಮಾಡಿಸಿ.

ಚರ್ಮ ತೆಳು, ಮುಳ್ಳು ಗೀರಿದರೂ ಹರಿಯುತ್ತದೆ. ಮೊಣಕೈ ಒತ್ತಿ ಹುಣ್ಣಾಗದಂತೆ ದಪ್ಪ ಹಾಸಿಗೆ ಹಾಕಿ, ಚಳಿಗೆ ಅಂಗಿ ಬೇಕು. ಎದೆ ಆಳವಾಗಿರುವ ನಾಯಿ, ಹಾಗಾಗಿ ಹೊಟ್ಟೆ ಉಬ್ಬಿ, ವಾಂತಿ ಬಾರದೆ ಬರೀ ಓಕರಿಸುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಮತ್ತೆ ಪಕ್ಕೆಲುಬು ಕಾಣುತ್ತದೆ ಅಂತ ದಾರಿಯಲ್ಲಿ ಸಿಕ್ಕವರೆಲ್ಲ ಬೈಯುತ್ತಾರೆ. ಆರೋಗ್ಯವಾಗಿರುವ ಗ್ರೇಹೌಂಡ್‌ಗೂ ಕೊನೆಯ ಒಂದೆರಡು ಪಕ್ಕೆಲುಬು ಕಾಣುತ್ತವೆ, ಅವರ ಮಾತು ಕೇಳಿ ಜಾಸ್ತಿ ತಿನ್ನಿಸಬೇಡಿ.

ಮೂಲೆಮನೆ:
ಮೇಲೆ ಹೇಳಿದ್ದೆಲ್ಲ ಸರಿ. ನನ್ನ ಕಳವಳ ಬೇರೆ. ಅವಳು ಸುಮ್ನೆ ನಿಂತಿದ್ದಳು ಅಂತ ಬರೆದಿದ್ದೀರಲ್ಲ, ಅದು ಸ್ವಭಾವವೋ ಹೆದರಿಕೆಯೋ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ. ತಳಿಯೇ ಶಾಂತ ಅಂತ ಶೆಲ್ಟರ್‌ಗಳೂ ಹೇಳಿಬಿಡುತ್ತವೆ. ಹೆದರಿ ಮುದುಡಿಕೊಂಡ ನಾಯಿಯೂ ಹೊರಗಿನಿಂದ ಹಾಗೇ ಕಾಣುತ್ತದೆ. ಬಾಲ ಹೊಟ್ಟೆಗೆ ಅಂಟಿಕೊಂಡಿದೆಯಾ, ಜನರ ಎದುರು ತಿನ್ನುತ್ತಾಳಾ, ಪದೇ ಪದೇ ತುಟಿ ನೆಕ್ಕುತ್ತಾಳಾ, ಅಲ್ಲಿ ಎಲ್ಲಾದರೂ ಮೈ ಚೆಲ್ಲಿ ಮಲಗಿದ್ದನ್ನು ಯಾರಾದರೂ ನೋಡಿದ್ದಾರಾ, ಕೇಳಿ. ಮೈ ಒರಗಿಸಿದ್ದು ಒಳ್ಳೆಯದೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಮನೆಗೆ ಬಂದು ಕೆಲವು ವಾರ ಕಳೆದಮೇಲೆ ನಿಜವಾದ ನಾಯಿ ಹೊರಬರುತ್ತದೆ. ಆಗ ಒಂಟಿಯಾಗಿ ಬಿಟ್ಟರೆ ಅಳುವುದು, ಅಡುಗೆಕಟ್ಟೆಯ ಮೇಲಿನದ್ದನ್ನು ಎತ್ತಿಕೊಳ್ಳುವುದು ಶುರುವಾಗಬಹುದು. ಅರ್ಧ ದಿನ ಬಿಟ್ಟು ಹೋಗಬೇಕು ಅಂತಿದ್ದರೆ ಮೊದಲ ದಿನದಿಂದಲೇ ಒಂದೊಂದು ನಿಮಿಷ ಬಾಗಿಲಾಚೆ ಹೋಗಿ ಬರುವುದನ್ನು ರೂಢಿ ಮಾಡಿಸಿ. ಇನ್ನೊಂದು ಮುಖ್ಯ: ಮಲಗಿದಾಗ ಮುಟ್ಟಬೇಡಿ, ಹೆಸರು ಕರೆದು ಎಬ್ಬಿಸಿ. ಇವುಗಳಲ್ಲಿ ಎಷ್ಟೋ ನಾಯಿಗಳು ಕಣ್ಣು ತೆರೆದೇ ನಿದ್ದೆ ಮಾಡುತ್ತವೆ, ಎದ್ದಿದೆ ಅಂದುಕೊಂಡು ಕೈ ಹಾಕಿದರೆ ಬೆಚ್ಚಿ ಕಚ್ಚಬಹುದು. ಅದು ಸಿಟ್ಟಲ್ಲ. ಸಾಧ್ಯವಾದರೆ ಮೊದಲು ಫಾಸ್ಟರ್ ಅಂತ, ಅಂದರೆ ದತ್ತು ಅಲ್ಲದೆ ತಾತ್ಕಾಲಿಕವಾಗಿ ಇಟ್ಟುಕೊಳ್ಳಲು ತನ್ನಿ.

ಹೊಸಿಲು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೀವು ಬರೆದದ್ದನ್ನೆಲ್ಲ ಇಬ್ಬರೂ ಕೂತು ಓದಿದೆವು. ಶೆಲ್ಟರ್‌ನವರು ಬೆಕ್ಕಿನ ಪರೀಕ್ಷೆ ಮಾಡಿದರು, ನಾವೂ ಇದ್ದೆವು. ಬೆಕ್ಕನ್ನು ನೋಡಿದಳು, ಒಂದು ಹೆಜ್ಜೆ ಮುಂದಿಟ್ಟಳು, ನನ್ನ ಹೆಂಡತಿ ತಿಂಡಿ ತೋರಿಸಿದಾಗ ತಿರುಗಿ ಬಂದಳು. ಬೆಕ್ಕು ಎದ್ದು ನಡೆದಾಗ ಮಾತ್ರ ಕಿವಿ ನಿಮಿರಿತು, ಆದರೆ ಕರೆದರೆ ಕೇಳಿಸಿಕೊಂಡಳು. ಜನರ ಎದುರು ತಿನ್ನುವುದಿಲ್ಲವಂತೆ, ರಾತ್ರಿ ತಿನ್ನುತ್ತಾಳಂತೆ. ಸದ್ಯಕ್ಕೆ ಫಾಸ್ಟರ್ ಅಂತಲೇ ತರುತ್ತೇವೆ, ಬೆಕ್ಕಿಗೆ ಒಳಕೋಣೆ ಬಿಟ್ಟುಕೊಡುತ್ತೇವೆ. ಒಂದೇ ತೊಂದರೆ, ಅವಳಿಗೆ ಮೆಟ್ಟಿಲು ಹತ್ತಲು ಬರುವುದಿಲ್ಲ, ನಮ್ಮಲ್ಲಿ ಲಿಫ್ಟ್ ಇಲ್ಲ. ಎತ್ತಿಕೊಂಡೇ ಓಡಾಡಬೇಕಾ?

ಉದ್ದಮೂತಿ:
ಮೊದಲ ಒಂದೆರಡು ದಿನ ಎತ್ತಬೇಕಾಗಬಹುದು, ಎದೆ ಕೆಳಗೊಂದು ಕೈ, ಹಿಂದಿನ ತೊಡೆಗಳ ಸುತ್ತ ಇನ್ನೊಂದು. ಕಲಿಯುತ್ತಾಳೆ. ನಯವಾದ ಮೆಟ್ಟಿಲಾದರೆ ಜಾರದ ಮ್ಯಾಟ್ ಹಾಕಿ, ಹಿಡಿ ಇರುವ ಹಾರ್ನೆಸ್ ತೊಡಿಸಿ. ಹತ್ತಿಸುವಾಗ ಒಬ್ಬರು ಮುಂದೆ, ಒಬ್ಬರು ಹಿಂದೆ. ಮುಂಗಾಲು ಒಂದೊಂದನ್ನೇ ಕೈಯಿಂದ ಎತ್ತಿ ಮೆಟ್ಟಿಲ ಮೇಲಿಡಿ, ಆಮೇಲೆ ಹಿಂಗಾಲು. ಇಳಿಯುವುದೇ ಕಷ್ಟ, ಒಮ್ಮೆಲೇ ಹಾರಿಬಿಡಲು ನೋಡುತ್ತವೆ. ಅದಕ್ಕೆ ಕೆಳಗಿನ ಎರಡೇ ಮೆಟ್ಟಿಲಿಂದ ಶುರು ಮಾಡಿ, ನೀವು ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತಿರಿ.