ಜೇನುಮೇಣ, ಎಣ್ಣೆ, ಮರ: ಆಚಾರ್ರಿಗೆ ಕೇಳಿ

ಗುಂಪಿನ ಪರವಾಗಿ: ಜೇನುಮೇಣಕ್ಕೆ ಎಣ್ಣೆ ಸೇರಿಸಿ ಮನೆಯಲ್ಲೇ ಮರದ ಪಾಲಿಶ್ ಮಾಡಿಕೊಳ್ಳುವುದು ಹೇಗೆ ಅಂತ ತುಂಬಾ ಜನ ಕೇಳಿದ್ದೀರಿ. ಸಾಗರದ ಆಚಾರ್ರು ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಮಂಚ, ಬಾಗಿಲು, ಪೆಟ್ಟಿಗೆ ಮಾಡುವುದೇ ಅವರ ಕಸುಬು. ಕೇಳುವ ಮೊದಲು ಮೇಲಿನ ಉತ್ತರಗಳನ್ನು ಓದಿ. ಫಾರ್ವರ್ಡ್ ಬೇಡ.

ಹೊಸ ಉಳಿ: ನಮಸ್ಕಾರ ಆಚಾರ್ರೇ. ಮಾವಿನ ಹಲಗೆಯಲ್ಲಿ ಒಂದು ಸ್ಟೂಲ್ ಮಾಡಿದ್ದೇನೆ. ಮೇಣ ಎಷ್ಟು, ಎಣ್ಣೆ ಎಷ್ಟು ಹಾಕಬೇಕು?

ಆಚಾರ್ರು: ನಮಸ್ಕಾರ. ತೂಕದಲ್ಲಿ ಒಂದು ಪಾಲು ಮೇಣ, ನಾಲ್ಕು ಪಾಲು ಎಣ್ಣೆ. ಅಂದರೆ 100 ಗ್ರಾಂ ಮೇಣಕ್ಕೆ 400 ಗ್ರಾಂ ಎಣ್ಣೆ. ಲೋಟದಲ್ಲಿ ಅಳೆಯಬೇಡಿ, ತೂಗಿ. ಗಟ್ಟಿ ಬೇಕಿದ್ದರೆ ಎಣ್ಣೆ ಮೂರೇ ಪಾಲು ಸಾಕು. ಮೇಣ ತುರಿದು ಸ್ಟೀಲ್ ಪಾತ್ರೆಗೆ ಹಾಕಿ, ಆ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗೆ ಇಡಿ. ಜೇನುಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ, ನೀರು ಕುದಿಯುವುದೂ ಬೇಕಿಲ್ಲ. ನೇರವಾಗಿ ಉರಿಯ ಮೇಲೆ ಇಡಲೇಬೇಡಿ. ಕಬ್ಬಿಣ, ತಾಮ್ರದ ಪಾತ್ರೆಯಲ್ಲಿ ಮೇಣದ ಬಣ್ಣ ಕೆಡುತ್ತದೆ. ಎಣ್ಣೆ ಸೇರಿಸಿ ಇಳಿಸಿದ ಮೇಲೆ ತಣಿಯುವ ತನಕ ಕಲಕುತ್ತಿರಿ, ಇಲ್ಲದಿದ್ದರೆ ಹರಳು ಕಟ್ಟುತ್ತದೆ. ಮರವನ್ನು 220 ನಂಬರ್ ಸ್ಯಾಂಡ್ ಪೇಪರ್ ತನಕ ಉಜ್ಜಿ, ಧೂಳು ತೆಗೆದು, ತೆಳ್ಳಗೆ ಹಚ್ಚಿ. ಅರ್ಧ ಗಂಟೆ ಬಿಟ್ಟು ಪೂರ್ತಿ ಒರೆಸಿ.

ಇದಕ್ಕಿಂತ ಮುಖ್ಯ ಯಾವ ಎಣ್ಣೆ ಅನ್ನುವುದು. ಅಗಸೆ ಎಣ್ಣೆ ಗಾಳಿಯಲ್ಲಿರುವ ಆಮ್ಲಜನಕ ಹೀರಿ ಮರದೊಳಗೇ ಗಟ್ಟಿಯಾಗುತ್ತದೆ. ಅಕ್ರೋಟಿನ ಎಣ್ಣೆಯೂ ಹಾಗೇ. ತೆಂಗಿನೆಣ್ಣೆ, ಶೇಂಗಾ ಎಣ್ಣೆ, ಹರಳೆಣ್ಣೆ ಯಾವತ್ತೂ ಹಾಗೆ ಗಟ್ಟಿಯಾಗುವುದಿಲ್ಲ. ಲಿಕ್ವಿಡ್ ಪ್ಯಾರಾಫಿನ್ನೂ ಗಟ್ಟಿಯಾಗುವುದಿಲ್ಲ, ಆದರೆ ಅದು ಕಮಟುವುದೂ ಇಲ್ಲ. ಸ್ಟೂಲಿಗೆ ಅಗಸೆ ಎಣ್ಣೆ ಹಾಕಿ.

ಚಪಾತಿ ಮಣೆ: ಸರ್, ಲಟ್ಟಣಿಗೆ, ಮಣೆ, ತರಕಾರಿ ಹಲಗೆಗೆ ಯಾವುದು?

ಆಚಾರ್ರು: ಮೆಡಿಕಲ್ ಶಾಪಿನಲ್ಲಿ ಐಪಿ (ಔಷಧಿ ದರ್ಜೆಯ ಗುರುತು) ಅಂತ ಬರೆದಿರುವ ಲಿಕ್ವಿಡ್ ಪ್ಯಾರಾಫಿನ್ ಕೇಳಿ. ನೀರಿನ ಹಾಗೆ ತಿಳಿಯಾಗಿರಬೇಕು. ಮಲಬದ್ಧತೆಗೆ ಕೊಡುವ ಬಿಳಿ ಹಾಲಿನಂಥ ಔಷಧಿ ತಂದು ಹಚ್ಚಬೇಡಿ. ಮೇಣದ ಪಾಲು ಅದೇ. ತೊಳೆದು ತೊಳೆದು ಹೋಗುತ್ತದೆ. ಮರ ಒಣಗಿದ ಹಾಗೆ ಕಂಡಾಗ ಮತ್ತೆ ಹಚ್ಚಿ.

ಕುಂದಾಪ್ರ ಕಡೆಯವ: ಇಷ್ಟೆಲ್ಲ ಯಾಕೆ ಆಚಾರ್ರೇ? ನಮ್ಮ ಕಡೆ ದೋಣಿಗೆ, ಮಾಡಿನ ಪಕಾಸಿಗೆ ಗೇರೆಣ್ಣೆ ಹಚ್ಚುತ್ತಾರೆ. ಹುಳ ಹತ್ತಿರ ಬರುವುದಿಲ್ಲ. ಅದಕ್ಕೇ ಮೇಣ ಸೇರಿಸಿದರೆ ಆಯಿತಲ್ವಾ?

ಆಚಾರ್ರು: ದೋಣಿಗೆ ಸರಿ, ಪಕಾಸಿಗೂ ಸರಿ. ಮನೆಯೊಳಗೆ ಕೈ ತಾಗುವ ಯಾವುದಕ್ಕೂ ಬೇಡ. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಬೊಬ್ಬೆ ಬರುತ್ತದೆ. ಗೇರುಬೀಜ ಸುಲಿಯುವವರ ಕೈ ನೋಡಿದವರಿಗೆ ಹೇಳಬೇಕಿಲ್ಲ.

ತೇಗದ ಬಾಗಿಲು: ಸರ್, ನಾನು ದಾವಣಗೆರೆ. ಹೊಸ ಮನೆಯ ಬಾಗಿಲುಗಳಿಗೆಲ್ಲ ನಿನ್ನೆ ನಾನೇ ಹಚ್ಚಿದೆ. ಪೇಂಟ್ ಅಂಗಡಿಯ ಡಬಲ್ ಬಾಯಿಲ್ಡ್ ಲಿನ್ಸಿಡ್ ಆಯಿಲ್ (ಅಗಸೆ ಎಣ್ಣೆಯೇ), ಜೇನುಮೇಣ, ಸ್ವಲ್ಪ ಟರ್ಪೆಂಟೈನ್. ತುಂಬಾ ಚೆನ್ನಾಗಿ ಬಂದಿದೆ. ಒರೆಸಿದ ಹಳೆ ಪಂಚೆ, ಬನಿಯನ್ ಎಲ್ಲ ಒಂದು ಗೋಣಿಚೀಲಕ್ಕೆ ತುರುಕಿ ಅಟ್ಟದ ಮೇಲೆ ಇಟ್ಟಿದ್ದೇನೆ, ಎರಡನೇ ಕೋಟಿಗೆ ಬೇಕಾಗುತ್ತದೆ ಅಂತ. ಅಟ್ಟದಲ್ಲಿ ಘಾಟು ಜಾಸ್ತಿ, ಚೀಲವೂ ಸ್ವಲ್ಪ ಬೆಚ್ಚಗಿದೆ. ಶೀಟಿನ ಕಾವು ಇರಬೇಕು. ಎರಡನೇ ಕೋಟ್ ಯಾವಾಗ ಹಾಕಲಿ?

ಆಚಾರ್ರು: ಈಗಲೇ ಎದ್ದು ಅಟ್ಟ ನೋಡಿ. ಹೊಗೆ ಕಂಡರೆ ಚೀಲ ಮುಟ್ಟಬೇಡಿ, ಬಿಚ್ಚಬೇಡಿ. ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದು 101ಕ್ಕೆ ಫೋನ್ ಮಾಡಿ. ಹೊಗೆ ಇಲ್ಲದಿದ್ದರೆ ಚೀಲವನ್ನು ಹಾಗೇ ಅಂಗಳಕ್ಕೆ ತನ್ನಿ. ಮನೆಯಿಂದ, ಬೈಕಿನಿಂದ, ಕಟ್ಟಿಗೆ ರಾಶಿಯಿಂದ ದೂರ ಇಟ್ಟು ಪೂರ್ತಿ ನೀರಲ್ಲಿ ಮುಳುಗಿಸಿ. ಮಾಡಿ ಬಂದು ಇಲ್ಲಿ ಬರೆಯಿರಿ.

ಆಚಾರ್ರು: ಅವರು ಬರುವ ತನಕ ಎಲ್ಲರೂ ಇದನ್ನು ಓದಿ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ ಅಂತ ಹೇಳಿದೆನಲ್ಲ, ಆಗ ಬಿಸಿ ಹುಟ್ಟುತ್ತದೆ. ಬಾಗಿಲ ಮೇಲೆ ತೆಳ್ಳಗೆ ಹಚ್ಚಿದ್ದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿದ ಬಟ್ಟೆಯಲ್ಲಿ ಎಣ್ಣೆಗೆ ಗಾಳಿ ತಾಗುತ್ತಲೇ ಇರುತ್ತದೆ, ಬಿಸಿಗೆ ಹೊರಗೆ ಹೋಗಲು ದಾರಿ ಇಲ್ಲ. ಬಿಸಿ ಏರಿದಷ್ಟೂ ಎಣ್ಣೆ ಇನ್ನೂ ಬೇಗ ಗಟ್ಟಿಯಾಗುತ್ತದೆ, ಇನ್ನೂ ಬಿಸಿಯಾಗುತ್ತದೆ. ಕೊನೆಗೆ ತಾನಾಗಿಯೇ ಬೆಂಕಿ ಹತ್ತಿಕೊಳ್ಳುತ್ತದೆ. ಬೆಂಕಿಕಡ್ಡಿ ಬೇಡ, ಕಿಡಿ ಬೇಡ. ಕೆಲವೇ ಗಂಟೆಯಲ್ಲಿ ಆಗಬಹುದು, ರಾತ್ರಿ ಎಲ್ಲರೂ ಮಲಗಿದ ಮೇಲೂ ಆಗಬಹುದು. ಡಬಲ್ ಬಾಯಿಲ್ಡ್ ಎಣ್ಣೆಗೆ ಬೇಗ ಒಣಗಲಿ ಅಂತ ಲೋಹದ ಲವಣ ಹಾಕಿರುತ್ತಾರೆ, ಹಾಗಾಗಿ ಅದರಲ್ಲಿ ಅಪಾಯ ಹೆಚ್ಚು.

1991ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಅನ್ನುವ 38 ಮಹಡಿಯ ಕಟ್ಟಡಕ್ಕೆ ಬೆಂಕಿ ಬಿತ್ತು. ಮರದ ಕೆಲಸ ಮಾಡಿದವರು ಬಿಟ್ಟುಹೋದ ಅಗಸೆ ಎಣ್ಣೆಯ ಬಟ್ಟೆಯಿಂದ ಶುರುವಾದದ್ದು. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ನಮ್ಮ ಅಟ್ಟದಲ್ಲಿ ಹಳೆ ಪೇಪರ್, ತೆಂಗಿನ ಸಿಪ್ಪೆ, ಹರಕು ಹಾಸಿಗೆ ಎಲ್ಲ ಇರುತ್ತದೆ.

ಕೆಲಸ ಮುಗಿದ ಕೂಡಲೇ ಒಂದೊಂದು ಬಟ್ಟೆಯನ್ನೂ ಬಿಡಿಸಿ, ಹೊರಗೆ, ಒಂದರ ಮೇಲೊಂದು ಬೀಳದ ಹಾಗೆ ಹರವಿ. ರಟ್ಟಿನ ಹಾಗೆ ಸೆಟೆದುಕೊಂಡ ಮೇಲೆ ಬಿಸಾಡಿ. ಹರವಲು ಜಾಗ ಇಲ್ಲದಿದ್ದರೆ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿ ಮುಚ್ಚಳ ಹಾಕಿ. ಲಿಕ್ವಿಡ್ ಪ್ಯಾರಾಫಿನ್ ಬಟ್ಟೆ ಹೀಗೆ ತಾನಾಗಿ ಹತ್ತಿಕೊಳ್ಳುವುದಿಲ್ಲ.

ಶುಭೋದಯ ಬಳಗ: ಎಲ್ಲರಿಗೂ ಉಪಯೋಗವಾಗಲಿ ಅಂತ ಕಳಿಸುತ್ತಿದ್ದೇನೆ. *ಮರಕ್ಕೆ ನೂರು ವರ್ಷ ಆಯುಸ್ಸು! ತೆಂಗಿನೆಣ್ಣೆ, ಕರ್ಪೂರ, ಜೇನುಮೇಣ, ಒಂದು ಲೋಟ ಸೀಮೆಎಣ್ಣೆ. ಒಲೆಯ ಮೇಲೆ ಚೆನ್ನಾಗಿ ಕುದಿಸಿ ಬಿಸಿ ಇರುವಾಗಲೇ ಹಚ್ಚಿ. ಗೆದ್ದಲು ಸುಳಿಯುವುದಿಲ್ಲ. ಹತ್ತು ಜನರಿಗೆ ಕಳಿಸಿ.*

ಆಚಾರ್ರು: ಇದನ್ನು ಅಳಿಸಿ. ಸೀಮೆಎಣ್ಣೆ ಕುದಿಸಿದರೆ ಆವಿಗೇ ಬೆಂಕಿ ಹತ್ತುತ್ತದೆ, ಪಾತ್ರೆ ಹಿಡಿದವರು ಸುಟ್ಟುಹೋಗುತ್ತಾರೆ. ಟರ್ಪೆಂಟೈನ್ ಹಾಕುವವರೂ ಕೇಳಿಸಿಕೊಳ್ಳಿ. ಒಲೆ ಆರಿಸಿ, ಪಾತ್ರೆ ಹೊರಗೆ ತಂದು, ಆಮೇಲೆ ಸೇರಿಸಬೇಕು.

ಪುಟ್ಟಿ ಅಮ್ಮ: ಆಚಾರ್ರೇ, ಮಗಳಿಗೆ ಎಂಟು ತಿಂಗಳು. ಅವಳ ಅಜ್ಜ ಹಾಲೆಮರದಲ್ಲಿ ಗಿಲಕಿ ಮಾಡಿಕೊಟ್ಟಿದ್ದಾರೆ. ಎಲ್ಲ ಬಾಯಿಗೆ ಹಾಕುತ್ತಾಳೆ. ಬಾಯಿಲ್ಡ್ ಲಿನ್ಸಿಡ್ ನ್ಯಾಚುರಲ್ ಅಂತ ಅಂಗಡಿಯವರು ಕೊಟ್ಟಿದ್ದಾರೆ. ಹಚ್ಚಬಹುದಾ?

ಆಚಾರ್ರು: ಹಚ್ಚಬೇಡಿ ತಾಯಿ. ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹ ಸೇರಿಸಿರುವ ಎಣ್ಣೆ ಅದು. ಹಿಂದೆ ಸೀಸವನ್ನೂ ಹಾಕುತ್ತಿದ್ದರು. ಮನೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ದಾಟಬಾರದು ಅಂತ ನಮ್ಮ ದೇಶದಲ್ಲಿ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಮಗು ಚೀಪುವ ವಸ್ತುವಿಗೆ ಲೇಬಲ್ಲಿನ ನ್ಯಾಚುರಲ್ ನಂಬಬೇಡಿ.

ಹಾಲೆಮರ ಒಳ್ಳೆಯದು, ಚನ್ನಪಟ್ಟಣದ ಗೊಂಬೆಯ ಮರವೂ ಅದೇ. ನುಣ್ಣಗೆ ಉಜ್ಜಿ ಹಾಗೇ ಕೊಟ್ಟರೂ ನಡೆಯುತ್ತದೆ. ಹಚ್ಚಲೇಬೇಕು ಅಂದರೆ ಅಡುಗೆಗೆ ಬಳಸುವ ಗಾಣದ ಅಗಸೆ ಎಣ್ಣೆ, ಶುದ್ಧ ಜೇನುಮೇಣ, ಬೇರೇನೂ ಬೇಡ. ಒಣಗಲು ವಾರಗಳು ಬೇಕು. ವಾಸನೆ ಪೂರ್ತಿ ಹೋಗುವ ತನಕ ಕೊಡಬೇಡಿ. ಅಕ್ರೋಟಿನ ಎಣ್ಣೆ ಬೇಡ, ಕೆಲವು ಮಕ್ಕಳಿಗೆ ಅದು ಒಗ್ಗುವುದಿಲ್ಲ. ಮೇಲಿನ ಫಾರ್ವರ್ಡಿನಲ್ಲಿ ಕರ್ಪೂರ ಇದೆಯಲ್ಲ, ಅದು ಮಗುವಿನ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ಗಿಲಕಿಯ ಕೂಡುಗಳನ್ನೂ ಎಳೆದು ನೋಡಿ. ಒಳಗಿನ ಕಾಳು ಉದುರುವ ಹಾಗಿದ್ದರೆ ಯಾವ ಎಣ್ಣೆ ಅನ್ನುವುದು ಆಮೇಲಿನ ಮಾತು.

ಹುಬ್ಬಳ್ಳಿ ಮಂದಿ: ಗಾಣದ ಅಗಸಿ ಎಣ್ಣೆ ನಮ್ಮ ಕಡೆ ಸಿಗುತ್ತದೆ ರೀ. ಅಗಸಿ ಹಿಂಡಿ ತಿನ್ನುವ ಮಂದಿ ನಾವು. ಬೇಕಿದ್ದವರಿಗೆ ಹೇಳುತ್ತೇನೆ.

ಶುಭೋದಯ ಬಳಗ: ಹಿರಿಯರು ಮಾಡಿದ್ದೆಲ್ಲ ತಪ್ಪಾ ಹಾಗಾದರೆ? ನಮ್ಮ ಅಜ್ಜಿ ತೊಟ್ಟಿಲಿಗೆ ತೆಂಗಿನೆಣ್ಣೆಯನ್ನೇ ಹಚ್ಚುತ್ತಿದ್ದರು.

ಆಚಾರ್ರು: ನಿಮ್ಮ ಅಜ್ಜಿ ಸೀಮೆಎಣ್ಣೆ ಕುದಿಸಲಿಲ್ಲ.

ಕುಂದಾಪ್ರ ಕಡೆಯವ: ಗೇರೆಣ್ಣೆಯ ಮಾತೂ ಇದೇ. ತಲೆಮಾರಿನಿಂದ ಬಂದದ್ದು. ಒಣಗಿದ ಮೇಲೆ ಏನೂ ಆಗುವುದಿಲ್ಲ.

ಮಂಗಳೂರು ಕಾರ್ಖಾನೆ: ನಾನು ಗೇರುಬೀಜದ ಫ್ಯಾಕ್ಟರಿಯಲ್ಲಿ ಇದ್ದವಳು. ಒಣಗಿದ ಮೇಲೆ ಅನ್ನುತ್ತೀರಲ್ಲ, ಹಚ್ಚುವವರ ಕೈ? ಬೆರಳಿನ ಚರ್ಮ ಸುಲಿದು ಅನ್ನ ಕಲಸಲು ಆಗುತ್ತಿರಲಿಲ್ಲ.

ಕುಂದಾಪ್ರ ಕಡೆಯವ: ಅಕ್ಕ, ನಾನು ಹೇಳಿದ್ದು ದೋಣಿಗೆ.

ಮಂಗಳೂರು ಕಾರ್ಖಾನೆ: ನೀವು ಹೇಳಿದ್ದು ಮೇಲೆ ಇದೆ. ತರಕಾರಿ ಹಲಗೆಯ ಉತ್ತರದ ಕೆಳಗೇ ಬರೆದಿದ್ದೀರಿ.

ತೇಗದ ಬಾಗಿಲು: ಸರ್, ಹೊಗೆ ಇರಲಿಲ್ಲ. ಅಂಗಳಕ್ಕೆ ತಂದು ಡ್ರಮ್ಮಿನಲ್ಲಿ ಮುಳುಗಿಸಿದೆ. ನಡುವಿನ ಪಂಚೆ ಕಂದು ಬಣ್ಣಕ್ಕೆ ತಿರುಗಿದೆ, ಕೈ ಇಡಲು ಆಗದಷ್ಟು ಬಿಸಿ ಇತ್ತು. ಅಟ್ಟದ ಕೆಳಗಿನ ಕೋಣೆಯಲ್ಲಿ ಅಪ್ಪ, ಅಮ್ಮ ಮಲಗುತ್ತಾರೆ.

ಆಚಾರ್ರು: ರಾತ್ರಿಯೆಲ್ಲ ನೀರಲ್ಲೇ ಇರಲಿ. ಬೆಳಿಗ್ಗೆ ಒಂದೊಂದಾಗಿ ಕಲ್ಲಿನ ಮೇಲೆ ಹರವಿ. ಇನ್ನೊಂದು ಸಲ ಅಟ್ಟ ಹತ್ತಿ, ಚೀಲ ಇದ್ದ ಜಾಗ ಮುಟ್ಟಿ ನೋಡಿ. ಬಟ್ಟೆ ಎಲ್ಲೂ ಬಿದ್ದಿರಬಾರದು. ಕೆಲಸಕ್ಕೆ ಬೇರೆಯವರು ಇದ್ದರೆ ಅವರು ಬಟ್ಟೆ ಎಲ್ಲಿಟ್ಟರು ಅಂತ ಇವತ್ತೇ ಕೇಳಿ.

ಮೈಸೂರು ಮನೆ: ಎಣ್ಣೆ, ಮೇಣದ ಪ್ರಮಾಣ ಎಷ್ಟು ಸರ್?

ಆಚಾರ್ರು: ಮೇಲೆ ಇದೆ.

ಜೇನುಗೂಡು: ಪೆಟ್ಟಿಗೆಯಲ್ಲಿ ತುಡುವೆ ಜೇನು ಸಾಕುತ್ತೇನೆ. ಪೇಟೆಯಲ್ಲಿ ಜೇನುಮೇಣ ಅಂತ ಕೊಡುವುದರಲ್ಲಿ ಕ್ಯಾಂಡಲ್ ಮೇಣ ಬೆರೆಸಿರುತ್ತಾರೆ. ನಿಜವಾದದ್ದಕ್ಕೆ ಜೇನಿನ ವಾಸನೆ ಇರುತ್ತದೆ, ಮುರಿದರೆ ಒಳಗೆ ಸಣ್ಣ ರವೆಯ ಹಾಗೆ ಕಾಣುತ್ತದೆ. ಮುಜಂಟಿ (ಕುಟುಕದ ಸಣ್ಣ ಜೇನು) ಮೇಣವನ್ನೂ ತರಬೇಡಿ. ಅದರಲ್ಲಿ ಮರದ ಅಂಟು ಸೇರಿರುತ್ತದೆ, ಹಚ್ಚಿದರೆ ಧೂಳೆಲ್ಲ ಹಿಡಿಯುತ್ತದೆ.

ಆಚಾರ್ರು: ಸರಿಯಾಗಿ ಹೇಳಿದಿರಿ.

ಕಾಡು ಉಳಿಸಿ: ಹೆಜ್ಜೇನಿಗೆ ರಾತ್ರಿ ಪಂಜು ಹಿಡಿದು ಸುಟ್ಟು ಮೇಣ ತರುತ್ತಾರೆ. ನಿಮ್ಮ ಸ್ಟೂಲ್ ಹೊಳೆಯಲಿ ಅಂತ ಅಷ್ಟು ಹುಳ ಸಾಯಬೇಕಾ?

ಜೇನುಗೂಡು: ನಾನು ಹೇಳಿದ್ದು ಪೆಟ್ಟಿಗೆಯ ಜೇನು. ಹಳೆ ಎರಿ ತೆಗೆದು ನೀರಲ್ಲಿ ಕಾಯಿಸಿ ಸೋಸುತ್ತೇವೆ. ಒಂದು ಹುಳವೂ ಸಾಯುವುದಿಲ್ಲ.

ಕಾಡು ಉಳಿಸಿ: ಅಂಗಡಿಯಲ್ಲಿ ಕೊಳ್ಳುವವರಿಗೆ ಅದು ಹೇಗೆ ಗೊತ್ತಾಗುತ್ತದೆ?

ಜೇನುಗೂಡು: ಸಾಕುವವರ ಹತ್ತಿರವೇ ಕೊಂಡುಕೊಳ್ಳಿ. ನೋಡದೆ ಎಲ್ಲರ ಮೇಲೂ ಆರೋಪ ಹಾಕಬೇಡಿ.

ಕಾಡು ಉಳಿಸಿ: ಆರೋಪ ಅಲ್ಲ, ಕಣ್ಣಾರೆ ಕಂಡದ್ದು.

ಬಿದಿರು ಬುಟ್ಟಿ: ಬಿದಿರಿಗೂ ಇದು ಹಿಡಿಯುತ್ತದಾ?

ತೀರ್ಥಹಳ್ಳಿ ಮಳೆ: ಹಲಸಿನ ಮಂಚಕ್ಕೆ ಜುಲೈನಲ್ಲಿ ಅಗಸೆ ಎಣ್ಣೆ, ಮೇಣ ಹಚ್ಚಿದೆ. ಮಂಚದ ತುಂಬಾ ಬೂಸ್ಟು.

ಆಚಾರ್ರು: ಮಳೆಗಾಲದಲ್ಲಿ ಎಣ್ಣೆ ಬೇಗ ಒಣಗುವುದಿಲ್ಲ, ಹಸಿ ಎಣ್ಣೆ ಬೂಸ್ಟಿಗೆ ಆಹಾರ. ಹೊರಗೆ ತಂದು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬ್ರಷ್ ಮಾಡಿ. ಟರ್ಪೆಂಟೈನಿನಲ್ಲಿ ಒರೆಸಿ, ಗಾಳಿಗೆ ಬಿಡಿ. ಮತ್ತೆ ಹಚ್ಚುವುದು ಡಿಸೆಂಬರ್ ಕಳೆದ ಮೇಲೆ.

ಬೀಟೆ ಪೆಟ್ಟಿಗೆ: ಆಚಾರ್ರೇ, ಅಮ್ಮನ ಮದುವೆಯ ಬೀಟೆ ಪೆಟ್ಟಿಗೆ. ಮುಚ್ಚಳದ ಮೇಲೆ ಮೈಸೂರಿನ ಇನ್ಲೇ ಕೆಲಸ ಇದೆ, ಮರ ಕೊರೆದು ಕೂರಿಸಿದ ಬಿಳಿ ಆನೆ, ಬಳ್ಳಿ. ಒಂದೂವರೆ ತಿಂಗಳ ಹಿಂದೆ ಹಳೆ ಪಾಲಿಶ್ ಕೆರೆದು ಅಗಸೆ ಎಣ್ಣೆ, ಮೇಣ ಹಚ್ಚಿದೆ. ಇನ್ನೂ ಅಂಟಂಟು. ಅದೇ ಡಬ್ಬದ್ದು ತೇಗದ ಮಣೆಯಲ್ಲಿ ಒಣಗಿದೆ.

ಆಚಾರ್ರು: ಒಳ್ಳೆಯ ಪ್ರಶ್ನೆ. ಎಣ್ಣೆಯ ತಪ್ಪಲ್ಲ, ಮರದ ಗುಣ. ಬೀಟೆ ಜಾತಿಯ ಮರದೊಳಗೆ ಇರುವ ಕೆಲವು ಅಂಶಗಳು ಎಣ್ಣೆ ಆಮ್ಲಜನಕ ಹೀರುವುದನ್ನೇ ತಡೆಯುತ್ತವೆ. ವರ್ಷ ಕಾದರೂ ಅಂಟು ಹೋಗದೆ ಇರಬಹುದು. ಮೇಲಿಂದ ಮೇಲೆ ಹಚ್ಚಿದರೆ ಇನ್ನೂ ಕೆಡುತ್ತದೆ. ಎಣ್ಣೆಯನ್ನು ಪೂರ್ತಿ ತೆಗೆಯಬೇಕು.

ಇಲ್ಲಿ ಇನ್ಲೇ ಇರುವುದು ನನಗೆ ಚಿಂತೆ. ಬಿಳಿ ಭಾಗ ಹಳೆಯದಾದರೆ ದಂತ ಇರಬಹುದು, ಆಮೇಲಿನದಾದರೆ ಪ್ಲಾಸ್ಟಿಕ್. ತಿನ್ನರ್ ಅಥವಾ ಅಸಿಟೋನ್ ತಾಗಿದರೆ ಪ್ಲಾಸ್ಟಿಕ್ ಕರಗಿ ಆನೆಯ ಆಕಾರವೇ ಹೋಗುತ್ತದೆ. ನೀರು ಜಾಸ್ತಿ ತಾಗಿದರೆ ದಂತ ಬಿರುಕು ಬಿಡುತ್ತದೆ. ತಿನ್ನರ್, ಅಸಿಟೋನ್, ನೀರು ಯಾವುದೂ ಬೇಡ. ಬಿಳಿ ಬಟ್ಟೆಗೆ ಸ್ವಲ್ಪ ಟರ್ಪೆಂಟೈನ್ ಹಾಕಿ, ಮೊದಲು ಪೆಟ್ಟಿಗೆಯ ತಳದಲ್ಲಿ ಒರೆಸಿ ನೋಡಿ. ಬಟ್ಟೆಗೆ ನೇರಳೆ ಬಣ್ಣ ಬಂದರೆ ಹೆದರಬೇಡಿ, ಅದು ಬೀಟೆಯದೇ ಬಣ್ಣ. ಆ ಬಣ್ಣ ಆನೆಯ ಮೇಲೆ ಹರಡಬಾರದು. ಮರದಿಂದ ಇನ್ಲೇ ಕಡೆಗೆ ಒರೆಸಬೇಡಿ, ಇನ್ಲೇಯಿಂದ ಹೊರಗೆ ಒರೆಸಿ. ಬಟ್ಟೆ ಆಗಾಗ ಬದಲಿಸಿ. ಅಂಟು ಹೋದ ಮೇಲೆ ಒಂದು ದಿನ ಬಿಟ್ಟು, ಅರಗಿನ ಸ್ಪಿರಿಟ್ ಪಾಲಿಶ್ ಒಂದು ತೆಳು ಕೋಟ್. ಅದು ಒಣಗಿದ ಮೇಲೆ ಮೇಣ ಮಾತ್ರ, ಅಗಸೆ ಎಣ್ಣೆ ಬೇಡ. ಫೋಟೋ ಹಾಕಿ, ಅರಗು ಹಚ್ಚುವ ಮೊದಲು ನನಗೆ ತೋರಿಸಿ.

ಕುಂದಾಪ್ರ ಕಡೆಯವ: ಬೀಟೆಗೆ ಗೇರೆಣ್ಣೆ ಚೆನ್ನಾಗಿ ಹಿಡಿಯುತ್ತದೆ.

ಮಂಗಳೂರು ಕಾರ್ಖಾನೆ: ಇನ್ನೂ ಬಿಡಲಿಲ್ಲವಾ ನೀವು?

ಮೊದಲ ಸಲ: ಹಾಯ್ ಸರ್. ರೇಶಿಯೋ ಪ್ಲೀಸ್.

ಶುಭೋದಯ ಬಳಗ: *ಗೆದ್ದಲಿಗೆ ರಾಮಬಾಣ! ಹಳೆ ಇಂಜಿನ್ ಆಯಿಲ್, ಬೇವಿನೆಣ್ಣೆ, ಮೇಣ...*

ಆಚಾರ್ರು: ಇಂಜಿನ್ನಿನಿಂದ ತೆಗೆದ ಕೊಳೆ ಎಣ್ಣೆ ಮನೆಯೊಳಗಿನ ಮರಕ್ಕೆ ಹಚ್ಚುವುದು ವಿಷ ಹಚ್ಚಿದ ಹಾಗೆ. ಫಾರ್ವರ್ಡ್ ಬೇಡ ಅಂತ ಮೊದಲೇ ಬರೆದಿದ್ದಾರೆ. ಅಟ್ಟದ ವಿಷಯ ಓದಿದ ಮೇಲೂ ಇದನ್ನು ಹಾಕುತ್ತೀರಿ ಅಂದರೆ ಇಲ್ಲಿ ಬರೆದದ್ದನ್ನು ಯಾರೂ ಓದುತ್ತಿಲ್ಲ ಅಂತ ಅರ್ಥ.

ಶುಭೋದಯ ಬಳಗ: ಇಷ್ಟು ಸಿಟ್ಟು ಒಳ್ಳೆಯದಲ್ಲ. ಒಳ್ಳೆಯ ಮನಸ್ಸಿನಿಂದ ಕಳಿಸಿದ್ದು.

ಹುಬ್ಬಳ್ಳಿ ಮಂದಿ: ಒಳ್ಳೆಯ ಮನಸ್ಸಿದ್ದರೆ ಅಳಿಸಿಬಿಡಿ ರೀ.

ಟೀ ಲೋಟ: ಮೇಜಿನ ಮೇಲೆ ಬಿಸಿ ಲೋಟದ ಬಿಳಿ ಉಂಗುರ ಬಿದ್ದಿದೆ. ಮೇಣ ಹಚ್ಚಿದರೆ ಹೀಗಾಗಬಾರದಲ್ವಾ?

ಆಚಾರ್ರು: ಆಗುತ್ತದೆ. ಮೇಣ ಬಿಸಿ ತಡೆಯುವುದಿಲ್ಲ, ನಿಂತ ನೀರನ್ನೂ ತಡೆಯುವುದಿಲ್ಲ. ಊಟದ ಮೇಜಿಗೆ ಇದು ಬೇಡ. ಈಗ ಹಚ್ಚಿದ ಮೇಣ ಪೂರ್ತಿ ತೆಗೆಯದೆ ಮೇಲೆ ಮೆಲಮೈನ್ ಪಾಲಿಶ್ ಹೊಡೆದರೆ ಹಿಡಿಯುವುದಿಲ್ಲ.

ಬೀಟೆ ಪೆಟ್ಟಿಗೆ: ಫೋಟೋ ಹಾಕಿದ್ದೇನೆ. ತಳದಲ್ಲಿ ಒರೆಸಿದೆ. ನೇರಳೆ ಬಣ್ಣ ಬಂತು, ಅಂಟು ಹೋಯಿತು. ಬಟ್ಟೆಯನ್ನು ಹೊರಗೆ ತಂತಿಯ ಮೇಲೆ ಹರವಿದ್ದೇನೆ.

ಆಚಾರ್ರು: ನೋಡಿದೆ. ಬಲಗಡೆ ಆನೆಯ ಸೊಂಡಿಲ ಹತ್ತಿರ ಇನ್ಲೇ ಎದ್ದಿದೆ. ಅಲ್ಲಿ ಒರೆಸಬೇಡಿ, ಬಟ್ಟೆ ಸಿಕ್ಕಿಕೊಂಡು ಚೂರು ಕಿತ್ತು ಬರುತ್ತದೆ. ಮೊದಲು ಅದನ್ನು ಅಂಟಿಸಬೇಕು. ಇನ್ಲೇ ಕೆಲಸ ಗೊತ್ತಿರುವವರು ಮೈಸೂರಿನಲ್ಲೇ ಇದ್ದಾರೆ, ಅವರಿಗೆ ತೋರಿಸಿ. ಅಲ್ಲಿಯ ತನಕ ಮುಚ್ಚಳ ಮುಟ್ಟಬೇಡಿ, ಬದಿಗಳನ್ನು ಮಾತ್ರ ಒರೆಸಿ.