ವಿದ್ಯುತ್ ವ್ಯತ್ಯಯದ ದಿನ ಮಾನಿಟರಿಂಗ್ ಅಲರ್ಟ್‌ಗಳನ್ನು ತಡೆಹಿಡಿಯುವುದು ಹೇಗೆ?

ಪ್ರಶ್ನೆ (ವಿರಾಜಪೇಟೆಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಸಹಕಾರ ಸಂಘದ ಕೇಂದ್ರ ಕಚೇರಿ ವಿರಾಜಪೇಟೆಯಲ್ಲಿದ್ದು, ಗೋಣಿಕೊಪ್ಪಲು, ಪೊನ್ನಂಪೇಟೆ, ಸಿದ್ದಾಪುರ ಮತ್ತು ನಾಪೋಕ್ಲು ಶಾಖೆಗಳ ರೂಟರ್, ಸ್ವಿಚ್, ಯುಪಿಎಸ್‌ಗಳ ಮೇಲೂ ಕೇಂದ್ರದ ಸರ್ವರ್‌ಗಳ ಮೇಲೂ ಝಾಬಿಕ್ಸ್ ಎಂಬ ಮಾನಿಟರಿಂಗ್ ತಂತ್ರಾಂಶದ ಮೂಲಕ ನಿಗಾ ಇಟ್ಟಿದ್ದೇವೆ. ಮಳೆಗಾಲ ಹತ್ತಿರವಾದಂತೆ ಲೈನಿಗೆ ತಾಗುವ ಕೊಂಬೆಗಳನ್ನು ಕಡಿಯುವ ಕೆಲಸ ನಡೆಯುವುದರಿಂದ, ಇಂತಿಂಥ ಫೀಡರ್‌ನಲ್ಲಿ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ವ್ಯತ್ಯಯ ಎಂಬ ಪ್ರಕಟಣೆ ಮೇಲಿಂದ ಮೇಲೆ ಬರುತ್ತದೆ. ಅಂದು ಶಾಖೆಯ ಯುಪಿಎಸ್ ಬ್ಯಾಟರಿ ಮುಗಿದ ಕೂಡಲೇ ರೂಟರ್ ಸಿಗುತ್ತಿಲ್ಲ, ಸ್ವಿಚ್ ಸಿಗುತ್ತಿಲ್ಲ, ಹಾಜರಾತಿ ಯಂತ್ರ ಸಿಗುತ್ತಿಲ್ಲ, ಸಿಸಿಟಿವಿಯ ಡಿವಿಆರ್ ಸಿಗುತ್ತಿಲ್ಲ ಎಂದು ಒಂದರ ಹಿಂದೊಂದು ಸಂದೇಶ ಬಂದು ಫೋನಿನ ಪರದೆ ತುಂಬಿಹೋಗುತ್ತದೆ. ಇದರಿಂದ ಬೇಸತ್ತ ಸಹೋದ್ಯೋಗಿಗಳು ಅಲರ್ಟ್ ಬರುವ ಗುಂಪನ್ನೇ ಮ್ಯೂಟ್ ಮಾಡತೊಡಗಿರುವುದು ನನ್ನನ್ನು ಹೆಚ್ಚು ಚಿಂತೆಗೀಡು ಮಾಡಿದೆ.

ಇಂತಹ ದಿನಗಳಲ್ಲಿ ಆ ಶಾಖೆಯ ಮಾನಿಟರಿಂಗನ್ನೇ ನಿಲ್ಲಿಸುವುದು ಸರಿಯೇ? ಸಂಜೆ 5ಕ್ಕೆ ಬರಬೇಕಾದ ಕರೆಂಟ್ 7 ಗಂಟೆಗೆ ಬಂದರೆ ಏನು ಮಾಡಬೇಕು? ಸರ್ವರ್‌ಗಳ ಅಪ್‌ಡೇಟ್‌ಗೆಂದು ರಾತ್ರಿ ನಾವೇ ನಿಗದಿಪಡಿಸಿಕೊಳ್ಳುವ ಕೆಲಸಕ್ಕೂ ಇದೇ ಕ್ರಮ ಸಾಕಾಗುತ್ತದೆಯೇ?

ಉತ್ತರ 1 (ಮಡಿಕೇರಿಯಿಂದ)

ಮಾನಿಟರಿಂಗ್ ನಿಲ್ಲಿಸುವುದು ಬೇರೆ, ಸಂದೇಶ ಕಳಿಸುವುದನ್ನು ತಡೆಹಿಡಿಯುವುದು ಬೇರೆ. ತಮಗೆ ಬೇಕಾಗಿರುವುದು ಎರಡನೆಯದು ಮಾತ್ರ. ಝಾಬಿಕ್ಸ್‌ನ ಮೆಂಟೆನೆನ್ಸ್‌ನಲ್ಲಿ, ಅಂದರೆ ನಿಗದಿತ ಹೊತ್ತಿನಲ್ಲಿ ಅಲರ್ಟ್ ತಡೆಹಿಡಿಯುವ ಸೌಲಭ್ಯದಲ್ಲಿ, ಡೇಟಾ ಸಂಗ್ರಹದೊಂದಿಗೆ ಮತ್ತು ಡೇಟಾ ಸಂಗ್ರಹವಿಲ್ಲದೆ ಎಂಬ ಎರಡು ಬಗೆಗಳಿವೆ. ಎರಡನೆಯದನ್ನು ಆರಿಸಿದರೆ ಅಷ್ಟು ಹೊತ್ತಿನ ಗ್ರಾಫ್ ಖಾಲಿ ಉಳಿಯುತ್ತದೆ. ಬ್ಯಾಟರಿ ಎಷ್ಟು ಹೊತ್ತು ತಡೆಯಿತು, ಕರೆಂಟ್ ನಿಜವಾಗಿ ಎಷ್ಟು ಗಂಟೆಗೆ ಬಂತು ಎಂಬುದು ಆಮೇಲೆ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಡೇಟಾ ಸಂಗ್ರಹ ಇರುವ ಬಗೆಯನ್ನೇ ಬಳಸಿರಿ. ಆಗ ಸಮಸ್ಯೆಗಳು ಎಂದಿನಂತೆ ದಾಖಲಾಗುತ್ತವೆ, ಆದರೆ ತಡೆಹಿಡಿದ ಸಮಸ್ಯೆಗಳೆಂದು ಗುರುತಾಗುವುದರಿಂದ ಸಂದೇಶ ಹೊರಡುವುದಿಲ್ಲ. ಇದಕ್ಕಾಗಿ ಆಕ್ಷನ್‌ನಲ್ಲಿ (ಸಮಸ್ಯೆ ಬಂದಾಗ ಯಾರಿಗೆ ಸಂದೇಶ ಕಳಿಸಬೇಕು ಎಂಬ ನಿಯಮದಲ್ಲಿ) ತಡೆಹಿಡಿದ ಸಮಸ್ಯೆಗಳಿಗೆ ಕಾರ್ಯಾಚರಣೆ ನಿಲ್ಲಿಸುವ ಆಯ್ಕೆಗೆ ಟಿಕ್ ಇರಬೇಕು. ಮೆಂಟೆನೆನ್ಸ್ ಮುಗಿದಾಗಲೂ ಸಮಸ್ಯೆ ಉಳಿದಿದ್ದರೆ ಸಂದೇಶ ಆಗ ಬರುತ್ತದೆ, ಬರಲೇಬೇಕು.

ಇನ್ನು, ಹೊಸಬರು ಎಡವುವ ಜಾಗವೊಂದಿದೆ. ಮೆಂಟೆನೆನ್ಸ್ ಎಂದಿನಿಂದ ಎಂದಿನವರೆಗೆ ಚಾಲ್ತಿಯಲ್ಲಿರಬೇಕು ಎಂದು ತುಂಬುವ ದಿನಾಂಕಗಳಷ್ಟೇ ಸಾಲವು. ಅದರ ಕೆಳಗೆ ಪೀರಿಯಡ್ ಎಂಬಲ್ಲಿ ನಿಜವಾದ ಸಮಯವನ್ನೂ ಅವಧಿಯನ್ನೂ ಸೇರಿಸಬೇಕು, ಮತ್ತು ಅದು ಮೇಲಿನ ದಿನಾಂಕಗಳ ಒಳಗೇ ಬರಬೇಕು. ಇವೆರಡು ಹೊಂದದಿದ್ದರೆ ಫಾರ್ಮ್ ಸೇವ್ ಆಗಿರುತ್ತದೆ, ಆದರೆ ಒಂದು ಅಲರ್ಟ್ ಕೂಡ ನಿಲ್ಲುವುದಿಲ್ಲ.

ಟ್ಯಾಗ್‌ಗಳನ್ನೂ (ಸಮಸ್ಯೆಗಳಿಗೆ ಹಚ್ಚುವ ಗುರುತುಪಟ್ಟಿಗಳನ್ನೂ) ದಯವಿಟ್ಟು ಬಳಸಿರಿ. ಇಡೀ ಶಾಖೆಯನ್ನು ಮೌನಗೊಳಿಸುವ ಬದಲು ಸಂಪರ್ಕ ಕಡಿತಕ್ಕೆ ಸಂಬಂಧಿಸಿದ ಟ್ಯಾಗ್ ಇರುವ ಸಮಸ್ಯೆಗಳನ್ನು ಮಾತ್ರ ತಡೆಹಿಡಿದರೆ, ಡಿಸ್ಕ್ ತುಂಬಿದ್ದು, ಬ್ಯಾಕಪ್ ವಿಫಲವಾದದ್ದು, ಯುಪಿಎಸ್ ಬ್ಯಾಟರಿ ಹಾಳಾದದ್ದು ಇವೆಲ್ಲ ಎಂದಿನಂತೆ ತಲುಪುತ್ತವೆ. ಕರೆಂಟ್ ಇಲ್ಲದ ದಿನವೇ ಹಳೆಯ ಬ್ಯಾಟರಿಯ ನಿಜಸ್ಥಿತಿ ಬಯಲಾಗುವುದು. ಆ ಸುದ್ದಿಯನ್ನೇ ಮುಚ್ಚಿಟ್ಟರೆ ನಷ್ಟ ನಮ್ಮದೇ.

ಉತ್ತರ 2 (ಗೋಣಿಕೊಪ್ಪಲಿನಿಂದ)

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ವಿದ್ಯುತ್ ವ್ಯತ್ಯಯಕ್ಕೆ ಗಡಿಯಾರವನ್ನು ನಂಬಿಕೊಳ್ಳುವುದು ನಮ್ಮ ಜಿಲ್ಲೆಯಲ್ಲಿ ಕಷ್ಟ. ಕೊಂಬೆ ಕಡಿಯುತ್ತಿರುವಾಗಲೇ ಮಳೆ ಹಿಡಿದರೆ ಲೈನ್‌ಮ್ಯಾನ್‌ಗಳು ಕಂಬದಿಂದ ಇಳಿಯಲೇಬೇಕಾಗುತ್ತದೆ, ಅವಧಿ ತಾನಾಗಿಯೇ ಬೆಳೆಯುತ್ತದೆ. ಹಾಗೆಂದು ಮರುದಿನ ಬೆಳಗಿನವರೆಗೆ ಮೆಂಟೆನೆನ್ಸ್ ಹಾಕಿದರೆ, ಕರೆಂಟ್ ಬಂದ ಮೇಲೂ ರೂಟರ್ ಏಳದೆ ಕೂತದ್ದು ಶಾಖೆಯ ಬಾಗಿಲು ತೆರೆಯುವವರೆಗೂ ಗೊತ್ತಾಗುವುದಿಲ್ಲ.

ಹೀಗಾಗಿ ನಾನು ಸಮಯಕ್ಕಿಂತ ಕಾರಣವನ್ನು ಅವಲಂಬಿಸುವ ವ್ಯವಸ್ಥೆಯನ್ನು ಶಿಫಾರಸು ಮಾಡುತ್ತೇನೆ. ಎಸ್‌ಎನ್‌ಎಂಪಿ ಕಾರ್ಡ್ (ನೆಟ್‌ವರ್ಕ್ ಮೂಲಕ ತನ್ನ ಸ್ಥಿತಿ ತಿಳಿಸುವ ಕಾರ್ಡ್) ಇರುವ, ಯುಪಿಎಸ್ ಮಾಹಿತಿಯ ಸಾಮಾನ್ಯ ಮಾನದಂಡವಾದ ಆರ್‌ಎಫ್‌ಸಿ 1628ರ ಯುಪಿಎಸ್ ಎಂಐಬಿಯನ್ನು ಪಾಲಿಸುವ ಯುಪಿಎಸ್ ಆದರೆ, ಅದರ ಔಟ್‌ಪುಟ್ ಮೂಲದ ಮೌಲ್ಯ ಸಾಮಾನ್ಯ ಸ್ಥಿತಿಯಲ್ಲಿ 3, ಬ್ಯಾಟರಿಯ ಮೇಲೆ ನಡೆಯುವಾಗ 5 ಆಗಿರುತ್ತದೆ. ಆ 5ಕ್ಕೆ ಒಂದು ಟ್ರಿಗರ್ (ಯಾವ ಸ್ಥಿತಿಯನ್ನು ಸಮಸ್ಯೆ ಎಂದು ಪರಿಗಣಿಸಬೇಕು ಎಂಬ ಷರತ್ತು) ಬರೆದು, ಶಾಖೆಯ ರೂಟರ್, ಸ್ವಿಚ್, ಡಿವಿಆರ್‌ಗಳ ಟ್ರಿಗರ್‌ಗಳನ್ನು ಅದಕ್ಕೆ ಅವಲಂಬಿತವಾಗಿಸಿರಿ. ಕರೆಂಟ್ ಹೋದಾಗ ಒಂದೇ ಒಂದು ಸಂದೇಶ ಬರುತ್ತದೆ. ಬ್ಯಾಟರಿ ಮುಗಿದು ರೂಟರ್ ಆರಿದ ಮೇಲೆ ಯುಪಿಎಸ್‌ನಿಂದ ಹೊಸ ಮೌಲ್ಯ ಬರುವುದಿಲ್ಲವಾದ್ದರಿಂದ ಆ ಟ್ರಿಗರ್ ಸಮಸ್ಯೆಯ ಸ್ಥಿತಿಯಲ್ಲೇ ಉಳಿದು ಉಳಿದವನ್ನು ತಡೆದಿರುತ್ತದೆ. ಪ್ರಕಟಣೆಯಿಲ್ಲದೆ ಕರೆಂಟ್ ಹೋದ ದಿನಕ್ಕೂ ಇದೇ ಸಾಕು.

ಉತ್ತರ 3 (ಕುಶಾಲನಗರದಿಂದ)

ಸರ್ವರ್ ಅಪ್‌ಡೇಟ್‌ನ ಬಗ್ಗೆ ಮಾತ್ರ ಬರೆಯುತ್ತೇನೆ. ಅಲ್ಲಿ ಕೆಲಸ ಯಾವಾಗ ಶುರು, ಯಾವಾಗ ಮುಗಿಯುತ್ತದೆ ಎಂಬುದು ನಮ್ಮ ಕೈಯಲ್ಲೇ ಇರುವುದರಿಂದ ನಿಗದಿತ ಅವಧಿಯ ಮೌನವೇ ಸೂಕ್ತ. ನಾವು ಪ್ರೊಮೀಥಿಯಸ್ ಎಂಬ ಮಾನಿಟರಿಂಗ್ ತಂತ್ರಾಂಶವನ್ನೂ ಅದರ ಅಲರ್ಟ್‌ಗಳನ್ನು ಕಳಿಸುವ ಅಲರ್ಟ್‌ಮ್ಯಾನೇಜರನ್ನೂ ಬಳಸುತ್ತೇವೆ. ಅಲ್ಲಿನ ಸೈಲೆನ್ಸ್‌ನಲ್ಲಿ (ನಿಗದಿತ ಅವಧಿಗೆ ಅಲರ್ಟ್ ತಡೆಯುವ ಸೌಲಭ್ಯದಲ್ಲಿ) ಯಾರು ಹಾಕಿದರು, ಯಾಕೆ ಹಾಕಿದರು ಎಂದು ಬರೆಯಲು ಜಾಗವಿದೆ. ಆ ಸಾಲನ್ನು ಕಾಟಾಚಾರಕ್ಕೆ ತುಂಬಬಾರದು, ನಡುರಾತ್ರಿ ಪಾಳಿಯಲ್ಲಿರುವವರಿಗೆ ಅದೊಂದೇ ಸುಳಿವು. ಪ್ರತಿ ವಾರವೂ ಒಂದೇ ಹೊತ್ತಿಗೆ ಮೌನ ಬೇಕೆಂದು ಕಾನ್ಫಿಗರೇಶನ್‌ನಲ್ಲಿ ಸಮಯ ಬರೆಯುವವರು ಸ್ಥಳವನ್ನು ಏಷ್ಯಾ/ಕೋಲ್ಕತಾ ಎಂದು ನಮೂದಿಸಲೇಬೇಕು. ನಮೂದಿಸದಿದ್ದರೆ ಅದನ್ನು ಯುಟಿಸಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ) ಎಂದು ಭಾವಿಸಲಾಗುವುದರಿಂದ, ರಾತ್ರಿ 10ಕ್ಕೆ ಎಂದು ಬರೆದ ಮೌನ ನಮ್ಮಲ್ಲಿ ಬೆಳಗಿನ ಜಾವ 3:30ಕ್ಕೆ ಆರಂಭವಾಗುತ್ತದೆ.

ಅವಧಿಯನ್ನು ಅಗತ್ಯಕ್ಕಿಂತ ಸ್ವಲ್ಪವೇ ಹೆಚ್ಚಿಡಿ. ಕೆಲಸ ಬೇಗ ಮುಗಿದರೆ ಸೈಲೆನ್ಸನ್ನು ಕೂಡಲೇ ಕೊನೆಗೊಳಿಸಿ, ಎಲ್ಲ ಸೇವೆಗಳೂ ಎದ್ದಿವೆಯೇ ಎಂದು ಅಲರ್ಟ್‌ಗಳೇ ಹೇಳಲಿ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಗೋಣಿಕೊಪ್ಪಲಿನವರಲ್ಲಿ ಒಂದು ಕೇಳಿಕೆ: ನಾಪೋಕ್ಲು ಶಾಖೆಯ ಯುಪಿಎಸ್ ಚಿಕ್ಕದು, ಅದಕ್ಕೆ ನೆಟ್‌ವರ್ಕ್ ಕಾರ್ಡ್ ಇಲ್ಲ, ಕರೆಂಟ್ ಹೋದಾಗ ಬೀಪ್ ಎನ್ನುವುದಷ್ಟೇ. ಅಲ್ಲಿ ಏನು ಮಾಡಬಹುದು?

ಉತ್ತರ 2ರವರಿಂದ ಮತ್ತೆ

ಕೆಲಸಕ್ಕೆ ಬಾರದೆಂದು ಬದಿಗಿಟ್ಟ ಹಳೆಯ ಆಕ್ಸೆಸ್ ಪಾಯಿಂಟ್ ಒಂದಿದ್ದರೆ ಅದನ್ನು ಯುಪಿಎಸ್‌ಗೆ ಸೇರಿಸದೆ ನೇರವಾಗಿ ಗೋಡೆಯ ಪ್ಲಗ್‌ಗೆ ಹಾಕಿ, ಲ್ಯಾನ್ ಕೇಬಲ್‌ನಿಂದ ಸ್ವಿಚ್‌ಗೆ ಜೋಡಿಸಿ, ಕೇಂದ್ರದಿಂದ ಪಿಂಗ್ ಮಾಡಿರಿ. ರೂಟರ್ ಉತ್ತರಿಸುತ್ತಿದ್ದು ಈ ಸಾಧನ ಮಾತ್ರ ಸತತ ಮೂರು ಬಾರಿ ಉತ್ತರಿಸದಿದ್ದರೆ ಕರೆಂಟ್ ಹೋಗಿದೆ ಎಂದು ಟ್ರಿಗರ್ ಬರೆದು, ಉಳಿದ ಟ್ರಿಗರ್‌ಗಳನ್ನು ಮೊದಲಿನಂತೆಯೇ ಇದಕ್ಕೆ ಅವಲಂಬಿತವಾಗಿಸಿರಿ. ಇಂಟರ್‌ನೆಟ್ ಲೈನೇ ಕಡಿದಾಗ ಎರಡೂ ಒಟ್ಟಿಗೆ ಮೌನವಾಗುವುದರಿಂದ ಈ ಟ್ರಿಗರ್ ಏಳುವುದಿಲ್ಲ, ರೂಟರ್‌ನ ಅಲರ್ಟ್ ಎಂದಿನಂತೆ ಬರುತ್ತದೆ. ಜೊತೆಗೆ ರಿಕವರಿ ಎಕ್ಸ್‌ಪ್ರೆಶನ್‌ನಲ್ಲಿ (ಸಮಸ್ಯೆ ಯಾವಾಗ ಬಗೆಹರಿಯಿತು ಎಂದು ಹೇಳುವ ಜಾಗದಲ್ಲಿ) ಆ ಆಕ್ಸೆಸ್ ಪಾಯಿಂಟ್ ಮತ್ತೆ ಉತ್ತರಿಸಬೇಕು ಎಂಬ ಷರತ್ತನ್ನು ಬೇರೆಯಾಗಿ ಕೊಡಬೇಕು. ಕೊಡದಿದ್ದರೆ ಬ್ಯಾಟರಿ ಮುಗಿದು ರೂಟರ್ ಆರಿದ ಕ್ಷಣವೇ ಟ್ರಿಗರ್ ಬಗೆಹರಿದಂತಾಗಿ, ತಡೆದಿಟ್ಟ ಸಂದೇಶಗಳೆಲ್ಲ ಒಮ್ಮೆಲೇ ಬರುತ್ತವೆ. ಗೋಡೆಯ ಪ್ಲಗ್ ಮೇಲೆ, ಇದನ್ನು ಯುಪಿಎಸ್‌ಗೆ ಬದಲಾಯಿಸಬೇಡಿ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿ, ಶಾಖೆಯ ಸಿಬ್ಬಂದಿಗೂ ಕಾರಣ ತಿಳಿಸಿರಿ.