ತಾಮ್ರದ ದೊರೆ ವಿಲಿಯಂ ಕ್ಲಾರ್ಕ್: ಊರು ಕಟ್ಟಿದವನೋ, ಕೆಡಿಸಿದವನೋ?

ವೇಗಸ್‌ವಾಸಿ:
ನಾನಿರುವುದು ಲಾಸ್ ವೇಗಸ್‌ನಲ್ಲಿ. ನಮ್ಮದು ಕ್ಲಾರ್ಕ್ ಕೌಂಟಿ. ಮನೆ ತೆರಿಗೆ ಕಾಗದದ ಮೇಲೆ ವರ್ಷವರ್ಷ ಈ ಹೆಸರು ನೋಡುತ್ತೇನೆ, ಯಾರೀತ ಅಂತ ಮೊನ್ನೆಯಷ್ಟೇ ಓದಿದೆ. ವಿಲಿಯಂ ಆಂಡ್ರ್ಯೂಸ್ ಕ್ಲಾರ್ಕ್, 1839ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದವನು. ಮೊಂಟಾನಾಕ್ಕೆ ಚಿನ್ನ ಹುಡುಕಲು ಹೋದ, ಸಾಮಾನು ಮಾರಿದ, ಬ್ಯಾಂಕ್ ತೆರೆದ, ಆಮೇಲೆ ಬ್ಯೂಟ್ ಊರಿನ ತಾಮ್ರದ ಗಣಿಗಳನ್ನು ಹಿಡಿದ. ಇಲ್ಲಿ 1905ರಲ್ಲಿ ಸೈಟು ಹರಾಜು ಹಾಕಿದ್ದು ಅವನ ರೈಲ್ವೆಯವರೇ, ಈ ಊರು ಶುರುವಾಗಿದ್ದು ಹಾಗೆ. ಮೆಚ್ಚಬೇಕಾದ ಮನುಷ್ಯ ಅಲ್ವಾ?

ಮಣ್ಣಿನಮಗಳು:
ದುಡಿದಿದ್ದು ನಿಜ ಸರ್. ಆದರೆ ಬ್ಯೂಟ್ ಜನ ಉಸಿರಾಡಿದ ಗಾಳಿಯ ಬಗ್ಗೆಯೂ ಓದಿ. ಆಗ ಅದಿರನ್ನು ಸೌದೆಯ ಮೇಲೆ ರಾಶಿ ಹಾಕಿ ಬಯಲಲ್ಲೇ ಸುಡುತ್ತಿದ್ದರು. ಗಂಧಕ, ಆರ್ಸೆನಿಕ್ ತುಂಬಿದ ಹೊಗೆ ಊರಿನ ಮೇಲೆ ಕೂತುಬಿಡುತ್ತಿತ್ತು, ಕೆಲವು ದಿನ ಮಧ್ಯಾಹ್ನವೇ ದೀಪ ಹಚ್ಚಬೇಕಾಗಿತ್ತು. 1889ರಲ್ಲಿ ರಾಜ್ಯದ ಸಂವಿಧಾನ ಸಭೆಯಲ್ಲಿ ಇದೇ ಕ್ಲಾರ್ಕ್ ಎದ್ದು ನಿಂತು, ಆ ಹೊಗೆಯಿಂದಲೇ ನಮ್ಮೂರ ಹೆಂಗಸರ ಮೈಬಣ್ಣ ಚೆನ್ನಾಗಿದೆ ಅಂದ. ಆ ಸಭೆಯ ಅಧ್ಯಕ್ಷನೂ ಅವನೇ. ಇದನ್ನು ಓದಿದ ಮೇಲೆ ನನಗೆ ಆತನ ಮೇಲೆ ಗೌರವ ಉಳಿಯಲಿಲ್ಲ.

ಗಣಿಲೆಕ್ಕ:
ಅಕ್ಕ, ಒಂದು ಮಾತಿನಿಂದ ಇಡೀ ಬದುಕು ಅಳೆಯಬೇಡಿ. 1900ರಲ್ಲಿ ತನ್ನ ಗಣಿಗಳಲ್ಲಿ ಕೂಲಿ ಕಡಿಮೆ ಮಾಡದೆ ಎಂಟು ಗಂಟೆ ಕೆಲಸ ತಂದ. ಕೊಲಂಬಿಯಾ ಗಾರ್ಡನ್ಸ್ ಅಂತ ದೊಡ್ಡ ಉದ್ಯಾನ ಮಾಡಿಸಿದ. ಗಣಿಯವರ ಮಕ್ಕಳು 1973ರವರೆಗೂ ಅಲ್ಲಿ ಆಡಿ ಬೆಳೆದರು.

ಮಣ್ಣಿನಮಗಳು:
ಉದ್ಯಾನ ಒಳ್ಳೆಯದೇ, ಒಪ್ಪುತ್ತೇನೆ. ಆದರೆ ಎಂಟು ಗಂಟೆ ಕೊಟ್ಟಿದ್ದು ಚುನಾವಣೆ ವರ್ಷದಲ್ಲಿ, ಅದೂ ಸೆನೆಟ್ ಸೀಟು ಕೈತಪ್ಪಿದ ಮೇಲೆ. ಆಗ ಸೆನೆಟರ್‌ಗಳನ್ನು ಆರಿಸುತ್ತಿದ್ದವರು ರಾಜ್ಯದ ಶಾಸಕರು. 1899ರಲ್ಲಿ ಫ್ರೆಡ್ ವೈಟ್‌ಸೈಡ್ ಅನ್ನುವ ಶಾಸಕ, ಕ್ಲಾರ್ಕ್ ಕಡೆಯವರು ವೋಟಿಗೆ ಕೊಟ್ಟಿದ್ದು ಅಂತ 30,000 ಡಾಲರ್ ನೋಟುಗಳನ್ನು ಸದನದಲ್ಲೇ ತೋರಿಸಿದ. ಆದರೂ ಕ್ಲಾರ್ಕ್ ಗೆದ್ದ! ಸೆನೆಟ್ ಸಮಿತಿ ತನಿಖೆ ಮಾಡಿ ಈ ಆಯ್ಕೆ ನಿಲ್ಲಲ್ಲ ಅಂದಾಗ, 1900ರ ಮೇನಲ್ಲಿ ರಾಜೀನಾಮೆ ಕೊಟ್ಟ. ಗವರ್ನರ್ ಊರಲ್ಲಿಲ್ಲದ ಹೊತ್ತು ನೋಡಿ, ಉಸ್ತುವಾರಿಯಲ್ಲಿದ್ದವನಿಂದ ಅದೇ ಸೀಟಿಗೆ ತನ್ನನ್ನೇ ನೇಮಕ ಮಾಡಿಸಿಕೊಂಡ. ಗವರ್ನರ್ ವಾಪಸ್ ಬಂದು ಅದನ್ನು ರದ್ದು ಮಾಡಿದರು. ಕೂಲಿಯವರು ಬೇಗ ಮನೆ ಸೇರಿದ್ದು ಸಂತೋಷವೇ. ಅದಕ್ಕೆ ಅವನ ಮನಸ್ಸು ದೊಡ್ಡದು ಅನ್ನಲಾರೆ.

ಗಣಿಲೆಕ್ಕ:
ಲಂಚದ ವಿಷಯದಲ್ಲಿ ನಾನೂ ಸಮರ್ಥಿಸಲ್ಲ. ಬ್ಯೂಟ್‌ನ ಇನ್ನೊಬ್ಬ ತಾಮ್ರದ ದೊರೆ, ಅವನ ವೈರಿ ಮಾರ್ಕಸ್ ಡೇಲಿ ಕೂಡ ದುಡ್ಡು ಚೆಲ್ಲಿದವನೇ ಅನ್ನುವುದು ಮಾತ್ರ ಸೇರಿಸುತ್ತೇನೆ.

ಹಳೇಪುಟ:
ಆ ಆಸ್ತಿ ಏನಾಯಿತು ಅಂತಲೂ ನೋಡಿ. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ 121 ಕೋಣೆಯ ಮನೆ ಕಟ್ಟಿಸಿದ. 1925ರಲ್ಲಿ ಸತ್ತ, ಎರಡೇ ವರ್ಷದಲ್ಲಿ ಮನೆ ಕೆಡವಿದರು. ಕಿರಿಮಗಳು ಹ್ಯೂಗೆಟ್ 2011ರವರೆಗೆ ಬದುಕಿದ್ದಳು. ಮೂರು ಕಡೆ ದೊಡ್ಡ ದೊಡ್ಡ ಮನೆಗಳಿದ್ದರೂ ಕೊನೆಯ ಇಪ್ಪತ್ತು ವರ್ಷ ಕಳೆದಿದ್ದು ಆಸ್ಪತ್ರೆ ಕೋಣೆಯಲ್ಲಿ. ನನಗೆ ಅವಳದ್ದೇ ಜಾಸ್ತಿ ಕಾಡುತ್ತದೆ.

ಮಣ್ಣಿನಮಗಳು:
ನನ್ನನ್ನು ಕಾಡುವುದು ಬ್ಯೂಟ್ ಕಡೆಯಿಂದ ಹರಿದುಬರುವ ಕ್ಲಾರ್ಕ್ ಫೋರ್ಕ್ ನದಿ. ಅವನು ಕಟ್ಟಿಸಿದ ಮಿಲ್‌ಟೌನ್ ಅಣೆಕಟ್ಟಿಗೆ 1908ರಲ್ಲೇ ಪ್ರವಾಹ ಬಂದು, ಮೇಲಿನ ಗಣಿಗಳ ಕಸವೆಲ್ಲ ಅದರ ಹಿಂದೆ ಕೂತಿತು. 1981ರಲ್ಲಿ ಪಕ್ಕದ ಬಾವಿಗಳಲ್ಲಿ ಆರ್ಸೆನಿಕ್ ಸಿಕ್ಕಿತು. ಅಣೆಕಟ್ಟು ಒಡೆದು ನದಿಯನ್ನು ಹರಿಯಬಿಟ್ಟಿದ್ದು 2008ರಲ್ಲಿ. ನೂರು ವರ್ಷ ಸರ್.

ವೇಗಸ್‌ವಾಸಿ:
ಇದು ನನಗೆ ಗೊತ್ತೇ ಇರಲಿಲ್ಲ. ಬೇಸಿಗೆ ರಜೆಯಲ್ಲಿ ಬ್ಯೂಟ್‌ಗೆ ಹೋಗಿ ಅವನ ಮನೆ ನೋಡಬೇಕು ಅಂದುಕೊಂಡಿದ್ದೆ. ಮಿಲ್‌ಟೌನ್‌ಗೂ ಹೋಗಿ ಆ ನದಿ ನೋಡಿಕೊಂಡು ಬರುತ್ತೇನೆ.